ಆಕ್ಸಿಜನ್ 97 ಇದ್ದರೂ ಅಮ್ಮನಿಗೆ ಮಂಪರು ಯಾಕೆ?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಜೀವನವಿಡೀ ಸೌದೆ ಒಲೆಯಲ್ಲೇ ಅಡುಗೆ ಮಾಡಿದವರು, ಈಗ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ). ಡಿಸ್ಚಾರ್ಜ್ ಮಾಡುವಾಗ ಆಕ್ಸಿಜನ್ 1 ಲೀಟರ್ ಇಡಿ, ಬೆರಳಿನ ಮೀಟರ್ 88ರಿಂದ 92 ತೋರಿಸಿದರೆ ಸಾಕು ಅಂದರು. 89 ನೋಡಿ ಭಯವಾಗಿ ನಾನೇ 3 ಲೀಟರ್‌ಗೆ ಏರಿಸಿದೆ. ಈಗ 97 ಇದೆ. ಆದರೆ ಎರಡು ದಿನದಿಂದ ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಡಿಸ್ಚಾರ್ಜ್ ದಿನದ ಎಬಿಜಿ (ರಕ್ತದಲ್ಲಿನ ಅನಿಲ, ಆಮ್ಲದ ಮಟ್ಟ ನೋಡುವ ಪರೀಕ್ಷೆ) ರಿಪೋರ್ಟ್‌ನಲ್ಲಿ ಪಿಹೆಚ್ 7.36, ಕಾರ್ಬನ್ ಡೈಆಕ್ಸೈಡ್ 58, ಬೈಕಾರ್ಬನೇಟ್ 32 ಅಂತಿದೆ.
– ಓದುಗರು, ಹಾಸನ

ಉತ್ತರ: ಮೊದಲು ಆಕ್ಸಿಜನ್ ಅನ್ನು ಡಾಕ್ಟರ್ ಹೇಳಿದ 1 ಲೀಟರ್‌ಗೆ ಇಳಿಸಿ. ಪೂರ್ತಿ ಆಫ್ ಮಾಡಬೇಡಿ, ದಿಢೀರನೆ ತೀರಾ ಕೆಳಗೆ ಕುಸಿಯುತ್ತದೆ. ಇದು ವಯಸ್ಸಿನ ಸುಸ್ತಲ್ಲ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೂಗಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಏನೇನೋ ಮಾತಾಡಿದರೆ, ಮೀಟರ್ 88ಕ್ಕಿಂತ ಕೆಳಗೇ ನಿಂತರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಬೆರಳಿನ ಮೀಟರ್ ಆಕ್ಸಿಜನ್ ಮಾತ್ರ ಅಳೆಯುತ್ತದೆ. ಕಾರ್ಬನ್ ಡೈಆಕ್ಸೈಡ್ ಎಷ್ಟು ಸೇರಿಕೊಂಡಿದೆ ಅನ್ನೋದು ಅದಕ್ಕೆ ತಿಳಿಯಲ್ಲ. ಅದು 35ರಿಂದ 45ರೊಳಗೆ ಇರಬೇಕು, ಅಮ್ಮನದು ಡಿಸ್ಚಾರ್ಜ್ ದಿನವೇ 58 ಇತ್ತು. ಇದು ಜಾಸ್ತಿಯಾದಷ್ಟೂ ರಕ್ತ ಆಮ್ಲದ ಕಡೆ ವಾಲುತ್ತದೆ. ಆದರೂ ಪಿಹೆಚ್, ಅಂದರೆ ರಕ್ತದ ಆಮ್ಲ-ಕ್ಷಾರದ ಅಳತೆ, ಅವತ್ತು ಸರಿಯಿತ್ತು ಅಲ್ವಾ? ಅದು ಕಿಡ್ನಿಯ ಕೆಲಸ. ದಿನಗಟ್ಟಲೆ ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್ ಉಳಿಸಿಕೊಂಡು ಸರಿದೂಗಿಸಿದೆ. ಅದಕ್ಕೇ 26 ದಾಟಬಾರದ ಬೈಕಾರ್ಬನೇಟ್ 32 ಇದೆ. ಈಗ ಇಂಥವರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೆ, ಗಾಳಿ ಸರಿಯಾಗಿ ಆಡದ ಶ್ವಾಸಕೋಶದ ಭಾಗಕ್ಕೂ ರಕ್ತ ಹರಿಯತೊಡಗುತ್ತದೆ. ಉಸಿರಾಟವೂ ಸ್ವಲ್ಪ ತಗ್ಗಬಹುದು. ಕಾರ್ಬನ್ ಡೈಆಕ್ಸೈಡ್ ಹೊರಹೋಗದೆ ಏರುತ್ತದೆ. ಕಿಡ್ನಿ ಅಷ್ಟು ಬೇಗ ಸರಿದೂಗಿಸಲಾರದು. ತಲೆನೋವು, ಮಂಪರು ಬರೋದು ಆಗಲೇ.

ಮನೆಯಲ್ಲೇ ನೋಡಬಹುದಾದ ಒಂದು ಲಕ್ಷಣವಿದೆ. ಎರಡೂ ಕೈ ಮುಂದೆ ಚಾಚಿಸಿ, ಟ್ರಾಫಿಕ್ ಪೊಲೀಸ್ ಗಾಡಿ ನಿಲ್ಲಿಸುವ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳಿ. ಅರ್ಧ ನಿಮಿಷ ನೋಡಿ. ಮಣಿಕಟ್ಟು ಆಗಾಗ ಪಟಪಟನೆ ಕೆಳಗೆ ಬಿದ್ದು ಎದ್ದರೆ ಕಾರ್ಬನ್ ಡೈಆಕ್ಸೈಡ್ ಏರಿರುವ ಸಾಧ್ಯತೆ ಇದೆ. ಬೀಳದಿದ್ದರೂ ಮಂಪರಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಉಸಿರು ಕಟ್ಟಿದಾಗ ಮಲಗಿಸಬೇಡಿ. ಮಂಚದ ಅಂಚಿಗೆ ಕೂರಿಸಿ, ಮುಂದೆ ಟೇಬಲ್ ಮೇಲೆ ದಿಂಬಿಟ್ಟು ಅದಕ್ಕೆ ಒರಗಲು ಬಿಡಿ. ಮೂಗಿನಿಂದ ಉಸಿರೆಳೆದು, ತುಟಿ ಸೇರಿಸಿ ನಿಧಾನವಾಗಿ ಊದಿ ಬಿಡಲಿ. ಊಟ ಸ್ವಲ್ಪ ಸ್ವಲ್ಪವಾಗಿ ಕೊಡಿ. ನಿದ್ದೆ ಮಾತ್ರೆ ನೀವಾಗಿಯೇ ಕೊಡಲೇಬೇಡಿ, ಉಸಿರಾಟ ಇನ್ನೂ ಕುಗ್ಗುತ್ತದೆ. ಆಕ್ಸಿಜನ್ ಇರುವ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ ಯಾವುದೂ ಬೇಡ.

ಆಸ್ಪತ್ರೆಗೆ ಹಳೇ ರಿಪೋರ್ಟ್ ತೆಗೆದುಕೊಂಡು ಹೋಗಿ. 3 ಲೀಟರ್ ಎಷ್ಟು ಹೊತ್ತು ಇಟ್ಟಿದ್ದಿರಿ ಅಂತ ಮುಚ್ಚಿಡದೆ ಹೇಳಿ. ನೀವು ಪ್ರೀತಿಯಿಂದಲೇ ಮಾಡಿದ್ದು, ಆದರೆ ಚಿಕಿತ್ಸೆಗೆ ಆ ವಿವರ ಬೇಕೇ ಬೇಕು. ಎಬಿಜಿ ಮತ್ತೆ ಮಾಡುತ್ತಾರೆ. ಪಿಹೆಚ್ 7.35ಕ್ಕಿಂತ ಇಳಿದಿದ್ದರೆ ಬೈಪ್ಯಾಪ್ (ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ) ಮಾಸ್ಕ್ ಹಾಕಬಹುದು. ಮಾಸ್ಕ್ ಬಿಗಿಯಾಗಿರುತ್ತದೆ, ಅಮ್ಮ ಗಾಬರಿಯಾಗಿ ಕಿತ್ತುಹಾಕಲು ನೋಡಬಹುದು. ಆ ಮೊದಲ ಒಂದು ಗಂಟೆ ನೀವು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿದ್ದರೆ ನರ್ಸ್‌ಗಳಿಗೂ ದೊಡ್ಡ ಸಹಾಯ.