ಹೋಂಸ್ಟೇ ವೈಫೈಗೆ ಒಗ್ಗದ ಸ್ಪೀಕರ್
(ಓದುಗರ ಪ್ರಶ್ನೆ, ನಮ್ಮ ಉತ್ತರ)

ಪ್ರಶ್ನೆ: ಭಾಗಮಂಡಲದ ಹತ್ತಿರದ ಹೋಂಸ್ಟೇಗೆ ಬ್ಯಾಟರಿ ಇರುವ ಅಲೆಕ್ಸಾ ಸ್ಪೀಕರ್ ಒಯ್ದಿದ್ದೆವು. ಅಲ್ಲಿನ ವೈಫೈ ಮೊಬೈಲಿಗೆ ಚೆನ್ನಾಗಿಯೇ ಬಂತು. ಸ್ಪೀಕರ್ ಮಾತ್ರ ‘ಕನೆಕ್ಟ್ ಆಗಿದೆ’ ಎಂದು ತೋರಿಸಿಯೂ ಇಂಟರ್ನೆಟ್ ಇಲ್ಲ ಎನ್ನುತ್ತಿತ್ತು. ಕೆಟ್ಟಿದೆಯೇ? – ಓದುಗರು, ಕುಶಾಲನಗರ

ಉತ್ತರ: ಕೆಟ್ಟಿಲ್ಲ. ಮೊಬೈಲಿನಲ್ಲಿ ವೈಫೈ ಒತ್ತಿದ ಕೂಡಲೇ ಫೋನ್ ನಂಬರು, ಒಟಿಪಿ ಅಥವಾ ರೂಮ್ ನಂಬರು ಕೇಳುವ ಪುಟವೊಂದು ಬಂದಿರಬೇಕು, ನೆನಪಿಸಿಕೊಳ್ಳಿ. ಅದನ್ನು ತುಂಬಲು ಸ್ಪೀಕರಿಗೆ ಪರದೆಯೂ ಇಲ್ಲ, ಬ್ರೌಸರೂ ಇಲ್ಲ. ರೂಟರ್ ಅದಕ್ಕೊಂದು ಐಪಿ ವಿಳಾಸ (ಆ ವೈಫೈ ಒಳಗಿನ ಗುರುತು) ಕೊಟ್ಟು ಒಳಗೆ ಕೂರಿಸಿಕೊಳ್ಳುತ್ತದೆ, ಆದರೆ ಲಾಗಿನ್ ಆಗುವ ತನಕ ಹೊರಗಿನ ದಾರಿ ಬಿಡುವುದಿಲ್ಲ. ನಿಮ್ಮ ಮೊಬೈಲಿನ ಲಾಗಿನ್ ಸ್ಪೀಕರಿಗೆ ಸಲ್ಲದು. ಒಂದೊಂದು ಸಾಧನವನ್ನೂ ಅದರ ಮ್ಯಾಕ್ ವಿಳಾಸದಿಂದಲೇ, ಅಂದರೆ ವೈಫೈಯಲ್ಲಿ ಆ ಸಾಧನಕ್ಕಿರುವ ಗುರುತಿನ ಸಂಖ್ಯೆಯಿಂದಲೇ, ಲೆಕ್ಕ ಇಡುತ್ತಾರೆ. (ರೈಲು ನಿಲ್ದಾಣದ ವೈಫೈ ಕಥೆಯೂ ಇಷ್ಟೇ. ಕೊಡಗಿಗೆ ರೈಲೇ ಇಲ್ಲವಾದ್ದರಿಂದ ಆ ತಲೆನೋವು ಮೈಸೂರಿಗೆ ಹೋದಾಗ ಮಾತ್ರ.)

ಆದ್ದರಿಂದ ಲಾಗಿನ್ ಮಾಡಬಲ್ಲ ಏನನ್ನಾದರೂ ನಡುವೆ ಇಡಬೇಕು. ಎಷ್ಟೋ ಆಂಡ್ರಾಯ್ಡ್ ಫೋನುಗಳ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಶೇರಿಂಗ್’ ಇರುತ್ತದೆ, ಸ್ಯಾಮ್‌ಸಂಗ್‌ನಲ್ಲಿ ಇದೇ ಹೆಸರು. ಮೊದಲು ಫೋನನ್ನು ಹೋಂಸ್ಟೇ ವೈಫೈಗೆ ಸೇರಿಸಿ ಒಟಿಪಿ ಮುಗಿಸಿ. ಆಮೇಲೆ ಶೇರಿಂಗ್ ಹಾಕಿ, ಹಾಟ್‌ಸ್ಪಾಟ್ ಆನ್ ಮಾಡಿ. ಬ್ಯಾಂಡ್ 2.4 ಗಿಗಾಹರ್ಟ್ಸ್, ಭದ್ರತೆ ಡಬ್ಲ್ಯೂಪಿಎ2 ಇರಲಿ. ಡಬ್ಲ್ಯೂಪಿಎ3 ಮಾತ್ರ ಇಟ್ಟರೆ ಹಳೆಯ ಸ್ಪೀಕರುಗಳು ಹತ್ತಿರವೂ ಸುಳಿಯವು.

ಇಲ್ಲಿ ಬಹಳ ಜನ ಸ್ಪೀಕರನ್ನು ಹೊಸದಾಗಿ ಸೆಟಪ್ ಮಾಡಲು ಹೋಗಿ ಸಂಜೆಯೆಲ್ಲ ಕಳೆಯುತ್ತಾರೆ. ಅದು ಬೇಡ. ಹಾಟ್‌ಸ್ಪಾಟಿಗೆ ನಿಮ್ಮ ಮನೆಯ ವೈಫೈಗೆ ಇರುವ ಹೆಸರು, ಪಾಸ್‌ವರ್ಡನ್ನೇ ಕೊಡಿ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ನಡುವಿನ ಖಾಲಿ ಜಾಗ ಎಲ್ಲವೂ ಒಂದೇ ಆಗಿರಬೇಕು. ಸ್ಪೀಕರಿಗೆ ಊರು ಬದಲಾದದ್ದೇ ತಿಳಿಯದು, ತಾನಾಗಿ ಬಂದು ಸೇರುತ್ತದೆ. ಮನೆಗೆ ಮರಳಿದ ಮೇಲೆ ಹಾಟ್‌ಸ್ಪಾಟ್ ಆರಿಸಲು ಮರೆಯಬೇಡಿ. ಮರೆತರೆ ಸ್ಪೀಕರ್ ಮನೆಯ ರೂಟರ್ ಬಿಟ್ಟು ಫೋನಿಗೇ ಅಂಟಿಕೊಂಡು ಡೇಟಾ ಕುಡಿಯಬಹುದು.

ಐಫೋನಿನಲ್ಲಿ ಈ ಉಪಾಯದ ಅರ್ಧ ಮಾತ್ರ ನಡೆಯುತ್ತದೆ. ಅದು ಸಿಮ್ಮಿನ ಡೇಟಾ ಹಂಚುತ್ತದೆಯೇ ಹೊರತು ವೈಫೈಯನ್ನಲ್ಲ. ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿದರೆ 2.4ಕ್ಕೆ ಇಳಿಯುತ್ತದೆ, ಹಾಟ್‌ಸ್ಪಾಟ್ ಹೆಸರು ಬದಲಿಸಲು ಫೋನಿನ ಹೆಸರನ್ನೇ ಬದಲಿಸಬೇಕು. ಸಿಮ್ ಡೇಟಾದ ಖರ್ಚಿಗೆ ಹೆದರಬೇಕಿಲ್ಲ: 160 ಕೆಬಿಪಿಎಸ್ ಹಾಡಿಗೆ ಗಂಟೆಗೆ ಸುಮಾರು 72 ಎಂಬಿ, 320ಕ್ಕೆ 144 ಎಂಬಿ. ಸಿಗ್ನಲ್ ಇರಬೇಕಷ್ಟೆ.

ಪದೇ ಪದೇ ಪ್ರವಾಸ ಹೋಗುವವರು ಅಂಗೈಯಗಲದ ಟ್ರಾವೆಲ್ ರೂಟರ್ ಕೊಳ್ಳುವುದೇ ಲೇಸು. ಯುಎಸ್‌ಬಿ ಚಾರ್ಜರಿನಲ್ಲಿ ನಡೆಯುವ, ಇನ್ನೊಂದು ವೈಫೈಯನ್ನು ಎಳೆದುಕೊಂಡು ಹಂಚಬಲ್ಲದ್ದನ್ನೇ ಕೇಳಿ ಕೊಳ್ಳಿ. ಅದಕ್ಕೆ ಸೇರಿದ ಮೊಬೈಲಿನಿಂದ ಒಮ್ಮೆ ಲಾಗಿನ್ ಆದರೆ ಹಿಂದಿರುವ ಎಲ್ಲವೂ ಹೋಂಸ್ಟೇಯವರ ಲೆಕ್ಕದಲ್ಲಿ ಒಂದೇ ಸಾಧನ.

ಇನ್ನೊಂದು ಮಾತು. ಸ್ಪೀಕರ್ ತಾನು ಕುಶಾಲನಗರದಲ್ಲೇ ಇದ್ದೇನೆ ಎಂದುಕೊಂಡಿರುತ್ತದೆ. ಮಳೆ ಬರುತ್ತದೆಯೇ ಎಂದರೆ ಅಲ್ಲಿಯದನ್ನೇ ಹೇಳುತ್ತದೆ, ‘ಲೈಟ್ ಆರಿಸು’ ಎಂದರೆ ನಿಮ್ಮ ಮನೆಯ ಸ್ಮಾರ್ಟ್ ಬಲ್ಬು ಆರೀತು. ಅಲೆಕ್ಸಾ ಆ್ಯಪಿನಲ್ಲಿ ಆ ಸಾಧನ ಇರುವ ಜಾಗದ ವಿಳಾಸ ಬದಲಿಸಿ.

ಪ್ರಶ್ನೆ: ಕಕ್ಕಬ್ಬೆಯಲ್ಲಿ ಹೋಂಸ್ಟೇ ನಡೆಸುತ್ತೇವೆ, ಫೈಬರ್ ಇದೆ. ಅತಿಥಿಗಳಿಗೆ ಒಟಿಪಿ ಬರುವುದಿಲ್ಲ, ಅವರ ಸ್ಪೀಕರುಗಳಂತೂ ಸೇರುವುದೇ ಇಲ್ಲ. – ಹೋಂಸ್ಟೇ ಮಾಲೀಕರು

ಉತ್ತರ: ಒಟಿಪಿ ಬರಲು ಮೊಬೈಲ್ ಸಿಗ್ನಲ್ ಬೇಕು. ಕಾಫಿ ಕಣದ ಮೂಲೆಗೆ ಹೋದರೆ ಮಾತ್ರ ಎರಡು ಕಡ್ಡಿ ಬರುವ ಜಾಗದಲ್ಲಿ, ಅತಿಥಿ ಕಣಕ್ಕೆ ಹೋಗಿ ಸಂದೇಶ ಓದಿ ಓಡಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಲಾಗಿನ್ ವ್ಯವಸ್ಥೆ ಹಾಕಿಕೊಟ್ಟವರನ್ನು ಎರಡು ಕೆಲಸ ಕೇಳಿ: ಒಟಿಪಿ ಬದಲು ರೂಮಿಗೊಂದು ಕೋಡ್ ಚೀಟಿ, ಮತ್ತು ಮ್ಯಾಕ್ ವಿಳಾಸ ನಮೂದಿಸಿ ಲಾಗಿನ್ನಿನಿಂದ ವಿನಾಯಿತಿ ಕೊಡುವ ಸೌಲಭ್ಯ. ಅಲೆಕ್ಸಾ ಆ್ಯಪಿನಲ್ಲಿ ಸ್ಪೀಕರಿನ ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್’ ನೋಡಿದರೆ ಆ ವಿಳಾಸ ಸಿಗುತ್ತದೆ: ಎರಡೆರಡರಂತೆ ಆರು ಜೋಡಿ, ಒಟ್ಟು 12 ಅಂಕಿ-ಅಕ್ಷರ. ಬರೆದುಕೊಳ್ಳುವಾಗ ಸೊನ್ನೆಯನ್ನು ಇಂಗ್ಲಿಷಿನ ‘ಓ’ ಮಾಡಬೇಡಿ; ಮ್ಯಾಕ್ ವಿಳಾಸದಲ್ಲಿ ಅಕ್ಷರಗಳು ‘ಎ’ಯಿಂದ ‘ಎಫ್’ವರೆಗೆ ಮಾತ್ರ.

ಸಾಧನಗಳು ಪರಸ್ಪರ ಕಾಣದಂತೆ ಮಾಡುವ ಐಸೊಲೇಶನ್ ಅನ್ನು ಮಾತ್ರ ಯಾರು ಗೋಗರೆದರೂ ತೆಗೆಯಬೇಡಿ. ತೆಗೆದರೆ ಮೂರನೇ ರೂಮಿನ ಹುಡುಗರು ಒಂದನೇ ರೂಮಿನ ಸ್ಪೀಕರಿನಲ್ಲಿ ಮಧ್ಯರಾತ್ರಿ ಹಾಡು ಹಾಕಿಯಾರು. ಅದು ಇದ್ದರೆ ಮೊಬೈಲಿನಿಂದ ‘ಕಾಸ್ಟ್’ ಮಾಡಲಾಗದು (ಹಾಡನ್ನು ವೈಫೈ ಮೂಲಕ ಸ್ಪೀಕರಿಗೆ ಕಳಿಸಲಾಗದು), ನಿಜ; ಬಾಯಿಮಾತಿನ ಆಜ್ಞೆ ನೇರ ಇಂಟರ್ನೆಟ್ಟಿಗೆ ಹೋಗುವುದರಿಂದ ಅದಕ್ಕೇನೂ ತೊಂದರೆಯಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ಹೋದರೆ ಬ್ಯಾಟರಿ ಸ್ಪೀಕರೂ ಸುಮ್ಮನಾಗುತ್ತದೆ. ಏಕೆ? – ಓದುಗರು, ಪೊನ್ನಂಪೇಟೆ

ಉತ್ತರ: ಸ್ಪೀಕರಿಗೆ ಬ್ಯಾಟರಿ ಇದೆ, ರೂಟರಿಗಿಲ್ಲ. ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಓದಿ, ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, ಅದಕ್ಕೆ ಹೊಂದುವ ಮಿನಿ ಯುಪಿಎಸ್ ಹಾಕಿ. ಫೈಬರಿನ ಡಬ್ಬ ಬೇರೆ ಇದ್ದರೆ ಅದಕ್ಕೂ ಬೇಕು.

ಬೇರೆಯವರ ಮನೆಯಲ್ಲಿದ್ದಾಗ ಕರೆಂಟು ಹೋದರೆ ಬ್ಲೂಟೂತೇ ಗತಿ. ಹೊರಡುವ ಮುನ್ನ, ಮನೆಯ ವೈಫೈ ಇರುವಾಗಲೇ ‘ಅಲೆಕ್ಸಾ, ಪೇರ್’ ಎಂದು ಫೋನನ್ನು ಜೋಡಿಸಿ, ಹಾಡುಗಳನ್ನು ಫೋನಿಗೆ ಇಳಿಸಿಕೊಳ್ಳಿ. ನೆಟ್ ಇಲ್ಲದಾಗ ಸ್ಪೀಕರ್ ನಿಮ್ಮ ಮಾತು ಕೇಳದು. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಅದರ ಹೆಸರು ಒತ್ತಿ ಕೂಡಿಸಬೇಕು.