‘ವೇವಿ’ಗೂ ಅಲೆಗೂ ಸಂಬಂಧವಿಲ್ಲ

ಕೆನಡಾದ ಹಡ್ಸನ್ ಕೊಲ್ಲಿಯ ಸುತ್ತ ಹಿಮ ಹೆಬ್ಬಾತನ್ನು ‘ವೇವಿ’ ಎನ್ನುವುದು ಅದರ ಅಲೆಯಂಥ ಹಾರಾಟದಿಂದಲೇ (ಇಂಗ್ಲಿಷಿನಲ್ಲಿ ‘ವೇವ್’ ಎಂದರೆ ಅಲೆ) ಎಂದು ಕೇಳಿದ್ದೀರಿ. ಅಲ್ಲ. ಊಹೆ ಸೊಗಸಾಗಿದೆ, ಅದೇ ತೊಂದರೆ! ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನ ಈ ಹಕ್ಕಿಯನ್ನು ‘ವೇಹ್ವೇವ್’ ಎನ್ನುತ್ತಾರೆ. ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ಕೂಗೇ ಕೇಳಿಸುತ್ತದೆ. ಕಾ ಕಾ ಎನ್ನುವುದು ನಮಗೆ ಕಾಗೆಯಾದ ಹಾಗೆ. ತುಪ್ಪಳದ ವ್ಯಾಪಾರಕ್ಕೆ ಹೋದ ಇಂಗ್ಲಿಷರ ಬಾಯಲ್ಲಿ ಅದು ‘ವೇವಿ’ ಆಯಿತು. ಆ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ ಬೇ ಕಂಪನಿಯ ಸ್ಯಾಮ್ಯುಯೆಲ್ ಹರ್ನ್, 1795ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ, ಕೊಕ್ಕಿನ ಬುಡದಲ್ಲಿ ಗಂಟುಗಳಿರುವ ಚಿಕ್ಕ ಹೆಬ್ಬಾತನ್ನು ‘ಕೊಂಬಿನ ವೇವಿ’ ಎಂದು ವರ್ಣಿಸಿದ್ದಾನೆ. ಈಗ ಅದು ರಾಸ್ ಹೆಬ್ಬಾತು. ಹಳೆಯ ಹೆಸರೇ ನನಗೆ ಹೆಚ್ಚು ಇಷ್ಟ. ಅಂದ ಹಾಗೆ, ಕಪ್ಪು ಕತ್ತಿನ ಕೆನಡಾ ಹೆಬ್ಬಾತು ವೇವಿಯಲ್ಲ. ಕ್ರೀಯಲ್ಲಿ ಅದು ‘ನಿಸ್ಕ’.