ಮೂರು ಚೆಂಡುಗಳ ಕೈಚಳಕ

ಪ್ರಶ್ನೆ: ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಜಗ್ಲಿಂಗ್ (ಹಲವು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವ ಆಟ) ಕಂಡ ನನ್ನ ಮಗಳು ಎರಡು ವಾರಗಳಿಂದ ಮೂರು ಚೆಂಡುಗಳೊಡನೆ ಹೆಣಗುತ್ತಿದ್ದಾಳೆ. ಚೆಂಡುಗಳು ಒಂದಕ್ಕೊಂದು ಬಡಿಯುತ್ತವೆ, ಇಲ್ಲವೇ ಮುಂದಕ್ಕೆ ಹಾರುತ್ತವೆ. ಇದನ್ನು ಮನೆಯಲ್ಲೇ ಕಲಿಯಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಖಂಡಿತ ಕಲಿಯಬಹುದು. ಈ ವಿದ್ಯೆಯಲ್ಲಿ ಹಿಡಿಯುವುದಕ್ಕಿಂತ ಎಸೆಯುವುದೇ ಮುಖ್ಯ. ಪ್ರತಿ ಎಸೆತವೂ ಕಣ್ಣಿನ ಎತ್ತರಕ್ಕೆ ಏರಿ ಬಾಗಿ ಇಳಿದರೆ ಚೆಂಡು ತಾನಾಗಿ ಇನ್ನೊಂದು ಕೈ ಸೇರುತ್ತದೆ. ಮೊದಲು ಒಂದೇ ಚೆಂಡಿನಿಂದ ಇದನ್ನು ರೂಢಿಸಿಕೊಂಡು, ಆಮೇಲೆ ಎರಡನೆಯದನ್ನು, ಮೊದಲನೆಯದು ತುದಿ ಮುಟ್ಟಿ ಇಳಿಯತೊಡಗುವ ಕ್ಷಣದಲ್ಲಿ, ಅದರ ಒಳಬದಿಯಿಂದ ಎಸೆಯಬೇಕು; ಮೂರನೆಯದನ್ನೂ ಹೀಗೆಯೇ. ಈ ಗಳಿಗೆ ತಪ್ಪಿದಾಗಲೇ ಚೆಂಡುಗಳು ಬಡಿಯುತ್ತವೆ. ಮುಂದಕ್ಕೆ ಹಾರುವುದನ್ನು ತಡೆಯಲು ಗೋಡೆಗೆ ಮುಖ ಮಾಡಿ ನಿಲ್ಲಲಿ. ರಬ್ಬರ್ ಚೆಂಡಿನ ಬದಲು ರಾಗಿ ತುಂಬಿದ ಬಟ್ಟೆಯ ಗಂಟುಗಳನ್ನು ಹೊಲಿದುಕೊಡಿ, ಬಿದ್ದರೂ ಉರುಳುವುದಿಲ್ಲ. ನಮ್ಮ ಹೆಣ್ಣುಮಕ್ಕಳ ಅಣ್ಣೆಕಲ್ಲಿನ ಆಟದಲ್ಲಿ ಪಳಗಿದ ಕೈಗೆ ಇದು ಬೇಗ ಒಗ್ಗುತ್ತದೆಂದು ನನ್ನ ನಂಬಿಕೆ.

ನಾಲ್ಕು ಚೆಂಡುಗಳ ಕ್ರಮವೇ ಬೇರೆ: ಸಾಮಾನ್ಯವಾಗಿ ಪ್ರತಿ ಕೈಯೂ ಎರಡೆರಡನ್ನು ತನ್ನಲ್ಲೇ ಆಡಿಸುತ್ತದೆ. ಚೆಂಡು ಗಾಳಿಯಲ್ಲಿ ಎರಡರಷ್ಟು ಹೊತ್ತು ಇರಬೇಕಾದರೆ ನಾಲ್ಕರಷ್ಟು ಎತ್ತರಕ್ಕೆ ಎಸೆಯಬೇಕಾಗುವುದರಿಂದ, ಚೆಂಡುಗಳು ಹೆಚ್ಚಿದಂತೆ ಕಷ್ಟವೂ ಬಹುಬೇಗ ಹೆಚ್ಚುತ್ತದೆ.

ಇದನ್ನು ಬರಿಯ ಮನರಂಜನೆಯೆಂದು ತಳ್ಳಿಹಾಕಬೇಡಿ. ಮೂರು ತಿಂಗಳು ಜಗ್ಲಿಂಗ್ ಕಲಿತವರ ಮಿದುಳಿನಲ್ಲಿ, ಚಲನೆಯನ್ನು ಗ್ರಹಿಸುವ ಭಾಗದ ಬೂದುದ್ರವ್ಯ (ನರಕೋಶಗಳು ತುಂಬಿರುವ ಬೂದುಬಣ್ಣದ ಅಂಶ) ಹೆಚ್ಚಿದ್ದನ್ನೂ ಅಭ್ಯಾಸ ಬಿಟ್ಟ ಮೇಲೆ ಅದು ತಗ್ಗಿದ್ದನ್ನೂ ಜರ್ಮನಿಯ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಆದ್ದರಿಂದ ಮಗಳು ದಿನವೂ ಹತ್ತು ನಿಮಿಷವಾದರೂ ಬಿಡದೆ ಆಡಲಿ.